ಮಗಳ ನಿದ್ದೆ

ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಮೊದಲ ಸೂಚನೆಯೇ ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ ಅಂತ. ನಿದ್ದೆಯ ಪರೀಕ್ಷೆಯ ದಿನ ಕಾಫಿ, ಚಹಾ ಕುಡಿಯುವಂತಿಲ್ಲ. ಎರಡು ವಾರ ದಿನವೂ ಮಲಗಿದ ಹೊತ್ತು, ಎದ್ದ ಹೊತ್ತು ಬರೆದಿಡಬೇಕು. ಮಗಳು ತಪ್ಪದೆ ಬರೆದಳು. ರಾತ್ರಿ ಎಂಟು ಗಂಟೆ ಮಲಗಿದ್ದಾಳೆ. ಆದರೂ ಬೆಳಿಗ್ಗೆ ಕಾಲೇಜಿನ ಬೆಂಚಿನಲ್ಲಿ, ಮಧ್ಯಾಹ್ನ ಊಟದ ತಟ್ಟೆಯ ಮುಂದೆ, ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಲ್ಲೇ ತೂಕಡಿಸಿದ್ದಾಳೆ.

ನಾನು ಶಿರಸಿ ಕಡೆ ಹೈಸ್ಕೂಲಿನಲ್ಲಿ 26 ವರ್ಷ ಸಂಸ್ಕೃತ ಕಲಿಸಿದವನು. ಭಾನುವಾರ ಊರ ದೇವಸ್ಥಾನದಲ್ಲಿ ಗೀತೆಯ ಪಾಠ ಹೇಳುತ್ತೇನೆ. ಹದಿನಾಲ್ಕನೆಯ ಅಧ್ಯಾಯದ ಪ್ರಕಾರ ತಮೋಗುಣ ಜೀವವನ್ನು ಕಟ್ಟುವುದು ಪ್ರಮಾದ, ಆಲಸ್ಯ, ನಿದ್ರೆಗಳಿಂದ. ಆ ಶ್ಲೋಕವನ್ನು ನಾನು ಮನೆಗೆ ತಂದು ಬಯ್ಗುಳ ಮಾಡಿಕೊಂಡೆ. ನಾಲ್ಕು ವರ್ಷ ಮಗಳನ್ನು ‘ತಾಮಸಿ’ ಎಂದೆ.

ಅದರ ನಡುವೆ ಒಂದು ಬಯಲಾಟ. ಹಾಸ್ಯಗಾರ ಬಂದ, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮಗಳ ದವಡೆ ಸಡಿಲಾಯಿತು, ಕತ್ತು ಜೋತುಬಿತ್ತು, ಮೊಣಕಾಲು ಮಡಚಿ ಚಾಪೆಯ ಮೇಲೆ ಕುಸಿದಳು. ಮೈಮೇಲೆ ಬಂದಿದೆ ಎಂದರು ಕೆಲವರು. ಮರುದಿನ ನಿಂಬೆಹಣ್ಣು ನಿವಾಳಿಸಿದ್ದಾಯಿತು, ಕೈಗೆ ದಾರ ಕಟ್ಟಿದ್ದಾಯಿತು. ಒಬ್ಬ ವೈದ್ಯರು ರಕ್ತ ಕಡಿಮೆ ಎಂದರು, ಇನ್ನೊಬ್ಬರು ಓದಿನ ಭಯ ಎಂದರು. ಕೊನೆಗೆ ಬೆಂಗಳೂರಿನ ನರರೋಗ ತಜ್ಞರು ಅವಳನ್ನೇ ಕೇಳಿದರು: ‘ನಕ್ಕಾಗ ಕೈಕಾಲು ಸೋಲುತ್ತಾ?’ ಅವಳು ಹೂಂ ಎಂದಳು. ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಮೊದಲ ರಾತ್ರಿ ತಲೆ, ಕಣ್ಣಿನ ಪಕ್ಕ, ಗಲ್ಲ, ಎದೆ, ಕಾಲು ಎಲ್ಲ ಕಡೆ ತಂತಿ ಅಂಟಿಸಿ ಮಲಗಿಸಿದರು. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ, ರಾತ್ರಿಯ ನಿದ್ದೆಯೇ ಸಾಲುತ್ತಿಲ್ಲವೇ ಎಂದು ನೋಡಲಿಕ್ಕೆ. ಮರುದಿನದ್ದೇ ಮುಖ್ಯ ಪರೀಕ್ಷೆ. 9, 11, 1, 3, 5 ಗಂಟೆಗೆ ಐದು ಸಲ ಕತ್ತಲೆ ಕೋಣೆಯಲ್ಲಿ ಮಲಗಬೇಕು. ನಿದ್ದೆ ಬರಲು 20 ನಿಮಿಷ ಅವಕಾಶ. ಬಂದರೆ ಇನ್ನು 15 ನಿಮಿಷ ಬಿಟ್ಟು ಎಬ್ಬಿಸುತ್ತಾರೆ. ನಡುವಿನ ಹೊತ್ತಿನಲ್ಲಿ ಕಣ್ಣು ಮುಚ್ಚಬಾರದು. ಆ ಕಾವಲು ನನ್ನದು. ತಲೆಯ ತಂತಿಗಳ ಗೊಂಚಲನ್ನು ಹೆಗಲಿಗೆ ಹಾಕಿಕೊಂಡ ಅವಳ ಜೊತೆ ಉದ್ದದ ಮೊಗಸಾಲೆಯಲ್ಲಿ ಅತ್ತಿಂದಿತ್ತ ನಡೆದೆ. ಕಣ್ಣು ಎಳೆಯುತ್ತಿತ್ತು ಅವಳಿಗೆ. ಗೋಡೆಯ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು, ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು. ತುಟಿಯ ಒಳಬದಿಯಲ್ಲಿ ಹಳೆಯ ಗಾಯದ ಗೆರೆಗಳು ಕಂಡವು. ತರಗತಿಯಲ್ಲಿ ಎಚ್ಚರವಿರಲು ದಿನವೂ ಕಚ್ಚಿಕೊಂಡಿದ್ದಂತೆ. ಇವಳಲ್ಲಿ ಆಲಸ್ಯ ಎಲ್ಲಿತ್ತು?

ಗಂಟೆ ಹನ್ನೊಂದಾಯಿತು. ‘ಆರಾಮಾಗಿ ಮಲ್ಕೊಳಮ್ಮ, ಕಣ್ಣು ಮುಚ್ಚು, ನಿದ್ದೆ ಮಾಡೋಕೆ ಪ್ರಯತ್ನ ಪಡು’ ಎಂದರು ತಂತಿ ಜೋಡಿಸುವಾಕೆ. ಹಗಲು ಹೊತ್ತಿನಲ್ಲಿ ಮಲಗು ಎಂದು ಆ ದಿನದವರೆಗೆ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಅಪ್ಪಣೆ ಕೇಳುವವಳ ಹಾಗೆ.

ವರದಿ ಬಂತು. ಐದು ಸಲದ ಸರಾಸರಿ, ಮಲಗಿದ ಮೂರು ನಿಮಿಷಕ್ಕೆ ನಿದ್ದೆ. ಅದರಲ್ಲಿ ನಾಲ್ಕು ಸಲ 15 ನಿಮಿಷದೊಳಗೆ ರೆಮ್ ನಿದ್ದೆ, ಅಂದರೆ ಕಣ್ಣುಗುಡ್ಡೆ ಹರಿದಾಡುವ, ಗಾಢ ಕನಸು ಬೀಳುವ ನಿದ್ದೆ. ನಮ್ಮಂಥವರಿಗೆ ಅಲ್ಲಿಗೆ ತಲುಪಲು ಸುಮಾರು ಒಂದೂವರೆ ಗಂಟೆ ಬೇಕು. ಸರಾಸರಿ 8 ನಿಮಿಷ ಅಥವಾ ಅದರೊಳಗಿದ್ದು, ರೆಮ್ ಎರಡು ಸಲವಾದರೂ ಹೀಗೆ ಬೇಗ ಬಂದರೆ ನಾರ್ಕೊಲೆಪ್ಸಿ ಎನ್ನುತ್ತಾರೆ. ನಗುವಾಗ ಕುಸಿಯುವುದಕ್ಕೆ ಕ್ಯಾಟಪ್ಲೆಕ್ಸಿ ಎಂದು ಹೆಸರು. ಎಚ್ಚರವನ್ನು ಹಿಡಿದು ನಿಲ್ಲಿಸುವ ಹೈಪೊಕ್ರೆಟಿನ್ ಎಂಬ ರಾಸಾಯನಿಕವನ್ನು ವಿಜ್ಞಾನಿಗಳು ಕಂಡುಕೊಂಡದ್ದು 1998ರಲ್ಲಿ. ಅದನ್ನು ತಯಾರಿಸುವ ಮಿದುಳಿನ ಜೀವಕೋಶಗಳು ಒಟ್ಟು ಒಂದು ಲಕ್ಷವೂ ಇಲ್ಲ. ಇಂಥ ರೋಗಿಗಳಲ್ಲಿ ಅವು ಬಹುಪಾಲು ನಾಶವಾಗಿರುತ್ತವೆ.

ಆ ರಾತ್ರಿ ಗೀತೆ ತೆರೆದೆ. ‘ತಾಮಸಿ’ ಶ್ಲೋಕಕ್ಕಿಂತ ಮೂರು ಶ್ಲೋಕ ಮೊದಲೇ ಗುಣಗಳು ಪ್ರಕೃತಿಯಿಂದ ಹುಟ್ಟಿದವು ಎಂದಿದೆ. ವರ್ಷಗಟ್ಟಲೆ ಪಾಠ ಹೇಳಿದ್ದೆ. ಪ್ರಕೃತಿಯಿಂದ ಬಂದದ್ದಕ್ಕೆ ಮಗುವನ್ನು ಬೈದದ್ದು ಯಾವ ಶಾಸ್ತ್ರದ ಬಲದಿಂದ?

ಆಸ್ಪತ್ರೆಯಲ್ಲಿ ನಮ್ಮ ಪಕ್ಕದ ಕೋಣೆಯಲ್ಲೊಬ್ಬ ಹುಡುಗನಿದ್ದ, ಅವನಿಗೂ ಅದೇ ಪರೀಕ್ಷೆ. ಅವನ ಸರಾಸರಿ ಒಂಬತ್ತೂವರೆ ನಿಮಿಷ, ರೆಮ್ ಒಂದು ಸಲವೂ ಇಲ್ಲ. ‘ಹಾಗಾದರೆ ಸೋಮಾರಿತನವೇ’ ಎಂದರು ಅವನ ತಂದೆ. ನನಗೆ ಸಂಕಟವಾಯಿತು. ಎಂಟು ಎಂಬ ಗೆರೆ ವೈದ್ಯರು ಕೆಲಸಕ್ಕೆಂದು ಎಳೆದದ್ದು. ಆರೋಗ್ಯವಂತರಲ್ಲೂ ಕೆಲವರು ಅದರೊಳಗೆ ನಿದ್ದೆ ಹೋಗುತ್ತಾರೆ. ಅದಕ್ಕೇ ರೋಗಿಯ ಕಥೆ ಕೇಳದೆ ಅಂಕಿಯೊಂದನ್ನೇ ನಂಬಬಾರದು ಎಂದು ವೈದ್ಯರೇ ಹೇಳಿದರು. ನನ್ನ ಮಗಳು ಕಾಗದದ ಬಲದಿಂದ ನಿರ್ದೋಷಿಯಾದಳು. ಕಾಗದ ಸಿಗದವನು ದೋಷಿಯೇ? ಅವನ ಒಳಗೆ ಯಾವ ಪ್ರಕೃತಿ ಕೆಲಸ ಮಾಡುತ್ತಿದೆಯೋ, ಅದನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲದಿರಬಹುದು. ಹಾಗೆಂದು ಮೈಗಳ್ಳತನ ಎಂಬುದೇ ಇಲ್ಲ ಎನ್ನಲಾರೆ. ನನ್ನೊಳಗೆ ಅದನ್ನು ಬಲ್ಲೆ. ಇನ್ನೊಬ್ಬರೊಳಗೆ ಇದೆ ಎಂದು ತೀರ್ಪು ಕೊಡುವ ಅಧಿಕಾರವನ್ನು ಮಾತ್ರ ಬಿಟ್ಟುಬಿಟ್ಟಿದ್ದೇನೆ.

ಮಾಂಡೂಕ್ಯ ಉಪನಿಷತ್ತನ್ನೂ ನಾನು ಸುಲಭ ಮಾಡಿ ಕಲಿಸಿದ್ದೆ. ಜಾಗ್ರತ್, ಸ್ವಪ್ನ, ಸುಷುಪ್ತಿ, ಮೂರು ಕೋಣೆಗಳು, ನಡುವೆ ಗೋಡೆ. ಮಗಳಲ್ಲಿ ಗೋಡೆಗಳಿಲ್ಲ. ಕನಸಿನಲ್ಲಿ ಎಲ್ಲರ ಸ್ನಾಯುಗಳೂ ಸಡಿಲವಾಗುತ್ತವೆ; ಅವಳಿಗೆ ಆ ಸಡಿಲಿಕೆ ಎಚ್ಚರದಲ್ಲೇ ಬಂದುಬಿಡುತ್ತದೆ. ರೋಗವನ್ನು ಆ ಮೂರನ್ನೂ ಮೀರಿದ ತುರೀಯ ಎಂದು ಹೊಗಳುವವನಲ್ಲ ನಾನು. ಆದರೆ ದೇಹ ಸೋತು ಬಿದ್ದಾಗಲೂ ಅರಿವು ಸೋತಿರಬೇಕಾಗಿಲ್ಲ ಎಂಬ ಮಾತು ನನ್ನ ಪಾಲಿಗೆ ನಿಜವಾದದ್ದು ಊರಿಗೆ ಮರಳುವ ರಾತ್ರಿ ಬಸ್ಸಿನಲ್ಲಿ.

‘ಬಯಲಾಟದ ದಿನ ಬಿದ್ದಾಗ ನಂಗೆ ಎಲ್ಲಾ ಕೇಳ್ತಿತ್ತು, ಅಪ್ಪಯ್ಯ’ ಎಂದಳು.

ಅವತ್ತು ನಾನು ಅವಳ ತೋಳು ಹಿಡಿದು ಎಳೆಯುತ್ತ ‘ನಾಟಕ ಸಾಕು, ಏಳು’ ಎಂದಿದ್ದೆ.

‘ಏಳಬೇಕು ಅಂತಲೇ ಇದ್ದೆ. ಆಗ್ತಿರಲಿಲ್ಲ.’

ಹಾವೇರಿ ಬರುವವರೆಗೂ ನನಗೆ ಮಾತು ಹೊರಡಲಿಲ್ಲ. ತಪ್ಪಾಯ್ತು ಮಗಾ ಎನ್ನುವಷ್ಟರಲ್ಲಿ ಅವಳ ತಲೆ ನನ್ನ ಹೆಗಲಿಗೆ ವಾಲಿತ್ತು. ಶಾಲು ಹೊದಿಸಿದೆ. ಶಿರಸಿ ಬರುವವರೆಗೆ ಎಬ್ಬಿಸಲಿಲ್ಲ.