ಬಾಗಬೇಕಾದವರು ಯಾರು?

ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಪಾದ ತೊಳೆಯುತ್ತಾರೆ. ಸಕಲವೂ ತಮ್ಮ ಕೈಯಲ್ಲಿದೆ ಎಂದು ಬಲ್ಲವರಾಗಿಯೇ ಅವರು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡರು. ತಾವು ಗುರುವೆಂಬುದನ್ನು ಆಮೇಲೂ ಅಲ್ಲಗಳೆಯಲಿಲ್ಲ. ಹಾಗಾದರೆ ಕ್ರೈಸ್ತ ದೀನತೆಯೆಂದರೆ ಇರುವ ಹಿರಿಮೆಯನ್ನು ಇನ್ನೊಬ್ಬರ ಸೇವೆಗೆ ಬಾಗಿಸುವುದು. ಇದು ದುರ್ಬಲರ ನೀತಿ ಎಂದು ತತ್ವಜ್ಞಾನಿ ನೀಚೆ ಹಳಿದ. ಪಾದ ತೊಳೆದವರು ದುರ್ಬಲರೇನಲ್ಲವಲ್ಲ! ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ತುಳಿತಕ್ಕೊಳಗಾದವರ ಬಾಯಿ ಮುಚ್ಚಿಸಲು ಇದೇ ಗುಣವನ್ನು ಬೋಧಿಸಲಾಗಿದೆ. ಅಮೆರಿಕದ ಗುಲಾಮರಿಗೆ ವಿಧೇಯತೆಯ ಉಪದೇಶ ಚರ್ಚಿನ ವೇದಿಕೆಯಿಂದಲೇ ಬಂದದ್ದುಂಟು. ಆದರೆ ಪಾದ ತೊಳೆದ ಆ ರಾತ್ರಿ ಬಾಗಿದ್ದು ಗುರು. ಅಹಂಕಾರ ತೊರೆಯುವ ಪಾಠ ಮೊದಲು ಪೀಠದಲ್ಲಿ ಕುಳಿತವರಿಗೆ ಸೇರಿದ್ದು. ಅದನ್ನು ಕೆಳಗಿನವರಿಗೆ ದಾಟಿಸಿ ಕೈತೊಳೆದುಕೊಳ್ಳುವುದು ಸುವಾರ್ತೆಗೇ ವಿರುದ್ಧ. ಪೀಠದಲ್ಲಿದ್ದೂ ಬಾಗಿದವರುಂಟು: ಆ ಪಾದ ತೊಳೆಯುವಿಕೆಯನ್ನು ನೆನೆಯುವ ಪವಿತ್ರ ಗುರುವಾರದಂದು, 2013ರಲ್ಲಿ, ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ 12 ಮಂದಿಯ ಪಾದ ತೊಳೆದರು. ಅವರಲ್ಲಿ ಹೆಣ್ಣುಮಕ್ಕಳೂ ಮುಸ್ಲಿಮರೂ ಇದ್ದರು.