ಅಭ್ಯಾಸ ತಪ್ಪಿದ ದಿನ

ಒಳ್ಳೆಯ ಅಭ್ಯಾಸವೊಂದು ಕೆಟ್ಟ ಗುಣವಾಗಿ ಮಾರ್ಪಡಬಲ್ಲುದೆ? ಕೇಳುವುದಕ್ಕೆ ಇದು ತಲೆಹರಟೆಯ ಪ್ರಶ್ನೆಯಂತೆ ತೋರಬಹುದು. ಆದರೆ ಆರು ವರ್ಷಗಳಿಂದ ದಿನ ತಪ್ಪದೆ ಯೋಗಾಭ್ಯಾಸ ಮಾಡುತ್ತ ಬಂದ ನನಗೆ ಈಚೆಗೆ ಅದು ತಲೆಹರಟೆಯಾಗಿ ಉಳಿದಿಲ್ಲ.

ನಾನು ಅನುಸರಿಸುವುದು ಮೈಸೂರಿನ ಪಟ್ಟಾಭಿ ಜೋಯಿಸರು ಪ್ರಚಾರಕ್ಕೆ ತಂದ ಅಷ್ಟಾಂಗ ಪದ್ಧತಿಯನ್ನು. ಅವರ ಗುರುಗಳಾದ ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ನಮ್ಮ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ಈ ಪದ್ಧತಿಯಲ್ಲಿ ಉಸಿರಿಗೂ ಚಲನೆಗೂ ಲೆಕ್ಕವುಂಟು. ಮೊದಲ ಬಗೆಯ ಸೂರ್ಯನಮಸ್ಕಾರಕ್ಕೆ 9 ವಿನ್ಯಾಸ, ಎರಡನೆಯದಕ್ಕೆ 17. ಉಸಿರು ಎಳೆಯುವಾಗ ಒಂದು ಚಲನೆ, ಬಿಡುವಾಗ ಮತ್ತೊಂದು. ನಲವತ್ತರ ಮೈ ಸುಲಭವಾಗಿ ಬಗ್ಗಲಿಲ್ಲ. ಕಾಲ್ಬೆರಳು ಮುಟ್ಟಲು ಎಂಟು ತಿಂಗಳು ಹಿಡಿಯಿತು. ಉಸಿರು ಕಡಿಯದಂತೆ ಮುಟ್ಟಲು ಇನ್ನೂ ಎರಡು ವರ್ಷ. ಹಟಮಾಡಿದರೆ ಮೈ ಬಿಗಿಯುತ್ತದೆ, ಉಸಿರಿನ ಹಿಂದೆ ಹೋದರೆ ಸಡಿಲುತ್ತದೆ ಎಂಬುದನ್ನು ಕಲಿತೆ. ಕಲಿತೆನೆಂಬ ಹೆಮ್ಮೆಯೂ ಜೊತೆಗೆ ಬಂತು.

ಒಂದು ಬೆಳಗಿನ ಜಾವ ಒಳಕೋಣೆಯಿಂದ ಅಮ್ಮ ನೀರು ಕೇಳಿದರು. ನಾನು ಆಸನದ ಮಧ್ಯದಲ್ಲಿದ್ದೆ. ಎಣಿಕೆ ತಪ್ಪೀತೆಂದು ಓಗೊಡಲಿಲ್ಲ. ಅವರೇ ತಡಕಾಡುತ್ತ ಬಂದು ಹೊಸ್ತಿಲು ಎಡವಿದರು. ದೈವವಶಾತ್ ಪೆಟ್ಟಾಗಲಿಲ್ಲ. ಚೊಂಬಿನ ನೀರೆಲ್ಲ ಚೆಲ್ಲಿ, ಅದರ ನಡುವೆ ಕುಳಿತಿದ್ದ ಅವರು ನನ್ನನ್ನು ಕಂಡು, “ಮುಗೀತೇನಪ್ಪಾ ನಿನ್ನ ಯೋಗ?” ಎಂದರು. ಅದರಲ್ಲಿ ಆಕ್ಷೇಪಣೆಯಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಪತಂಜಲಿ ಎಣಿಸುವ ಎಂಟು ಅಂಗಗಳಲ್ಲಿ ಮೊದಲನೆಯದು ಯಮ; ಅದರಲ್ಲಿಯೂ ಮೊದಲು ಅಹಿಂಸೆ. ಆಸನ ಮೂರನೆಯದು, ಅದಕ್ಕೆ ಮೀಸಲಾದುದು ಮೂರೇ ಸೂತ್ರ. 1962ರಲ್ಲಿ ಜೋಯಿಸರು ಕನ್ನಡದಲ್ಲಿ ಪ್ರಕಟಿಸಿದ ‘ಯೋಗಮಾಲಾ’ದಲ್ಲಿಯೂ ಯಮನಿಯಮಗಳ ಮಾತೇ ಮುಂಚೆ ಬರುತ್ತದೆ. ಆ ಪುಟಗಳನ್ನು ದಾಟಿ ಆಸನಗಳ ಭಾಗಕ್ಕೆ ಓಡಿದವನು ನಾನು.

ಹಾಗೆಂದು ಕರೆ ಬಂದಾಗಲೆಲ್ಲ ಎದ್ದುಬಿಟ್ಟರೆ ಆಯಿತೆ? ಅದೂ ಅಷ್ಟು ಸುಲಭವಲ್ಲ. ಸಂಸಾರದಲ್ಲಿ ಕೆಲಸವಿಲ್ಲದ ಬೆಳಗು ಯಾವುದಿದೆ? ಸೋಮಾರಿತನ ಪರೋಪಕಾರದ ವೇಷ ಹಾಕಿಕೊಂಡು ಬರುವುದೂ ಉಂಟು. ಅಭ್ಯಾಸ ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದರೆ ಮಾತ್ರ ಬೇರೂರುವುದೆಂದು ಪತಂಜಲಿಯೇ ಎಚ್ಚರಿಸುತ್ತಾನೆ. ಎಡೆಬಿಡದಿರುವುದೂ ಧರ್ಮ, ಎದ್ದು ಹೋಗುವುದೂ ಧರ್ಮ. ಎರಡಕ್ಕೂ ಹೊಂದಿಕೆ ಹೇಗೆ?

ಈ ಯೋಚನೆಯಲ್ಲಿ ನೆನಪಾದವರು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. 1996ರಲ್ಲಿ ಕಾಲವಾದ ಅವರು ಅಸಂಖ್ಯಾತ ಜನಕ್ಕೆ ಯೋಗ ಕಲಿಸಿದರು. ಆಯುರ್ವೇದದಿಂದ ರೋಗಿಗಳ ಶುಶ್ರೂಷೆ ಮಾಡಿದರು. ಅನಾಥ ಸೇವಾಶ್ರಮಕ್ಕಾಗಿ ಜೋಳಿಗೆ ಹಿಡಿದು ಬೇಡಿದರು. ಬರೆವಣಿಗೆಗೆ ಇಟ್ಟುಕೊಂಡ ಹೆಸರೇ ‘ತಿರುಕ’. ಆಸನ ಮುಗಿಸಿ ರೋಗಿಯ ಬಳಿಗೆ ಹೋಗುವಾಗ ಅವರ ಅಭ್ಯಾಸ ನಿಂತಿತೆನ್ನಬಹುದೆ? ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಹೋದರು, ಅಷ್ಟೇ. ಎಂಟೂ ಅಂಗಗಳು ನಮ್ಮವಾಗಿದ್ದರೆ ಚಾಪೆಯಿಂದ ಏಳುವುದು ಅಭ್ಯಾಸಭಂಗವಲ್ಲ. ಒಂದೇ ಅಂಗವನ್ನು ಹಿಡಿದು ಕುಳಿತವನಿಗೆ ಮಾತ್ರ ಎದ್ದರೆ ಎಲ್ಲವೂ ಕಳೆದುಹೋಗುತ್ತದೆ. ಆದುದರಿಂದ ಅಭ್ಯಾಸದ ನಿಜವಾದ ಪರೀಕ್ಷೆ ನಡೆಯುವುದು ಅದು ತಪ್ಪಿದ ದಿನವೇ ಎಂದು ನನಗೆ ತೋರುತ್ತದೆ.

ತತ್ತ್ವ ಹೇಳುವುದು ಸುಲಭ. ಮೊನ್ನೆ ಏಳನೆಯ ವಿನ್ಯಾಸದಲ್ಲಿದ್ದಾಗ ಅಮ್ಮ ಕರೆದರು. ಎದ್ದು ಹೋಗಿ ನೀರು ಕೊಟ್ಟೆ. ಒಳಗೆ ಮಾತ್ರ ಸಣ್ಣದೊಂದು ಅಸಹನೆ ಮಿಸುಕಿದ್ದು ಸುಳ್ಳಲ್ಲ. ಬೆನ್ನು ಬಗ್ಗಲು ಎಂಟು ತಿಂಗಳು ತೆಗೆದುಕೊಂಡ ಮನುಷ್ಯನಿಗೆ ಇದು ಬಗ್ಗಲು ಇನ್ನೆಷ್ಟು ಕಾಲ ಬೇಕೊ!