ಊಟ ಆಯ್ತೇನಮ್ಮಾ?

ನಮ್ಮ ಹೈಸ್ಕೂಲಿನಲ್ಲಿ ನರ್ಸ್ ಇಲ್ಲ. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುವ ಕೆಲಸ ಟೀಚರಾದ ನನ್ನದೇ. 2012ರಲ್ಲಿ ಆರಂಭವಾದ ಯೋಜನೆಯಿದು. ಒಂದೊಂದು ನೀಲಿ ಮಾತ್ರೆಯಲ್ಲೂ 60 ಮಿಲಿಗ್ರಾಂ ಕಬ್ಬಿಣ. ಊಟವಾದ ಮೇಲೆ, ನಮ್ಮ ಕಣ್ಣೆದುರೇ ನುಂಗಬೇಕೆಂಬುದು ನಿಯಮ.

ಒಂದು ಸೋಮವಾರ ಹುಡುಗಿಯೊಬ್ಬಳು ಮಾತ್ರೆಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟಳು. ಗದರಿಸಿ ನುಂಗಿಸಿದೆ. ಸ್ವಲ್ಪ ಹೊತ್ತಿಗೆಲ್ಲ ವಾಂತಿ. ಕಾಯಿಲೆ ಬಿದ್ದ ಅಮ್ಮನಿಗಾಗಿ ಅವಳು ಸೋಮವಾರ ಉಪವಾಸ ಹಿಡಿದಿದ್ದಳಂತೆ.

"ಮೊದಲೇ ಹೇಳಬಾರದಿತ್ತೇನೇ?"

"ಬೈತೀರಿ ಅಂತ ಹೆದರಿಕೆ ಆಯ್ತು ಮಿಸ್."

ರಕ್ತಹೀನತೆ ಸುಳ್ಳಲ್ಲ, ಮಾತ್ರೆಯೂ ಬೇಕು. ಆದರೆ ಒಳ್ಳೆಯದಕ್ಕೇ ಆದರೂ ಹೆದರಿಸಿ ಮಾಡಿಸಿದ್ದು ಆರೈಕೆಯಾದೀತೇ? ನಾನು ನಿಯಮದ ಅರ್ಧವನ್ನಷ್ಟೇ ಪಾಲಿಸಿದ್ದೆ. ಊಟದ ಮಾತನ್ನು ಮರೆತಿದ್ದೆ. ಈಗ ಅವಳಿಗೆ ಮಂಗಳವಾರ ಮಾತ್ರೆ. ಉಳಿದವರಿಗೂ ಕೊಡುವ ಮೊದಲು ಒಬ್ಬೊಬ್ಬರನ್ನೇ ಕೇಳುತ್ತೇನೆ: "ಊಟ ಆಯ್ತೇನಮ್ಮಾ?"